ಹದಿನಾಲ್ಕನೇ ಪ್ಲೇಟಿನ ಹಿಂಬದಿ

ಮಾರ್ಚ್ 3, ಬೆಳಿಗ್ಗೆ

ಕಾರ್ಖಾನೆಯ ಪಂಪುಗಳಿಗೆ ಹೆಸರು ಕೊರೆಯುವ ಸ್ಟೀಲ್ ಪ್ಲೇಟು. ಸ್ಟಿಕ್ಕರ್ ಅಂಟಿಸಿ ಅಕ್ಷರದ ಜಾಗವನ್ನಷ್ಟೇ ಕಿತ್ತು ತೆಗೆದದ್ದಾಯಿತು. ಇನ್ನು ಚಾರ್ಜರಿನ ಒಂದು ತಂತಿ ಪ್ಲೇಟಿಗೆ, ಇನ್ನೊಂದು ಉಪ್ಪುನೀರಿನಲ್ಲಿ ಅದ್ದಿದ ಹತ್ತಿಗೆ. ಒತ್ತಿದರೆ ಸುಯ್ಯೆಂದು ಹಸಿರು ನೊರೆ, ಕರೆಂಟೇ ಅಕ್ಷರ ಕೊರೆಯುತ್ತದೆ. ಕಿಟಕಿ ತೆರೆಯದಿದ್ದರೆ ದಿನವಿಡೀ ಗಂಟಲು ಕೆರೆತ.

ಭಾವ ಬಂದಿದ್ದರು. ಆಚೆ ದಡದಲ್ಲಿ ವೈರಿಂಗ್ ಕೆಲಸವಂತೆ, ಲಾಂಚ್ ಹತ್ತುವ ಮುಂಚೆ ಒಂದು ಲೋಟ ಟೀ. "ಇವಳು ಬಾಯಲ್ಲೂ ಕೊರೀತಾಳೆ, ಕೈಯಲ್ಲೂ ಕೊರೀತಾಳೆ" — ಅದೇ ಹಳೇ ಜೋಕು. ನಗಲಿಲ್ಲ. ಒಂದು ಸ್ಟಿಕ್ಕರ್ ಸೊಟ್ಟ ಕೂತಿತ್ತು, ಕಣ್ಣೆಲ್ಲ ಅದರ ಮೇಲೆ. ತಲೆ ಎತ್ತುವಷ್ಟರಲ್ಲಿ ಹೊರಟೇಬಿಟ್ಟಿದ್ದರು.

ಮಾರ್ಚ್ 3, ಸಂಜೆ

ಲಾಂಚ್ ಮಗುಚಿದೆ. ಅಕ್ಕನ ಫೋನ್. ಹೊರಟೆ.

ಮಾರ್ಚ್ 21

ಭಾವ ಸಿಕ್ಕಿಲ್ಲ. ಬದುಕಿ ಬಂದವರಲ್ಲಿಲ್ಲ. ಗುರುತು ಹಿಡಿದ ಹೆಣಗಳಲ್ಲೂ ಇಲ್ಲ. ತಡವಾಗಿ ತೇಲಿಬಂದವರಿಗೆ ಮುಖವೇ ಉಳಿದಿರಲಿಲ್ಲ, ಅವರನ್ನು ನಂಬರ್ ಹಾಕಿ ಹೂತಿದ್ದಾರೆ. ಭಾವನ ತಮ್ಮ ಡಿಎನ್‌ಎ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಅಕ್ಕ ಈಗ ನನ್ನ ಮನೆಯಲ್ಲಿ. ತಟ್ಟೆ ಮುಂದಿಟ್ಟರೆ ಕಲಸುತ್ತಾಳೆ, ತಿನ್ನುವುದಿಲ್ಲ.

ಮಧ್ಯಾಹ್ನ ಸ್ಮಶಾನದ ಉಸ್ತುವಾರಿ ಗುಮಾಸ್ತರು ಬಂದರು. "ಪೇಂಟ್ ಬೋರ್ಡು ಈ ಉಪ್ಪುಗಾಳಿಗೆ ನಿಲ್ಲಲ್ಲ ಮೇಡಂ. ಸ್ಟೀಲಲ್ಲಿ ನಂಬರ್ ಕೊರೆದುಕೊಡಿ. ಕೆಳಗೆ ಜಾಗ ಬಿಡಿ, ಗುರುತು ಸಿಕ್ಕಿದ ಮೇಲೆ ಹೆಸರು ಹಾಕ್ಬೇಕಲ್ಲ."

ಅಕ್ಕ ಒಳಗಿರುವುದು ಪಾಪ ಅವರಿಗೆ ಗೊತ್ತಿಲ್ಲ. ಆಗಲ್ಲ ಅನ್ನಲು ಬಾಯಿ ತೆರೆದೆ. ಒಳಗಿನಿಂದ ಅಕ್ಕನ ದನಿ — "ಒಪ್ಕೊಳ್ಳೇ. ಬೇರೆಯವರಾದ್ರೆ ಸೊಟ್ಟಪಟ್ಟ ಬರೀತಾರೆ."

ಮಾರ್ಚ್ 26

ನಂಬರುಗಳು ಮುಗಿದವು. ಕೊರೆದದ್ದು ನಾನು, ಥಿನ್ನರ್ ಹಾಕಿ ಒರೆಸಿದ್ದು ಅಕ್ಕ. ಪ್ರತಿಯೊಂದನ್ನೂ ಮಗುವಿನ ಮುಖ ಒರೆಸಿದ ಹಾಗೆ. ಗೋರಿಗೆ ನೆಡುವ ಕಂಬಗಳಿನ್ನೂ ತಯಾರಾಗಿಲ್ಲವಂತೆ, ಹಾಗಾಗಿ ಪ್ಲೇಟುಗಳು ನಮ್ಮ ಬೀರುವಿನಲ್ಲೇ. ಬಟ್ಟೆ ತೆಗೆಯಲು ಹೋದರೆ ಎದುರಿಗೇ...

ಏಪ್ರಿಲ್ 30

ಫಲಿತಾಂಶ ಬಂತು. ಹೂತವರಲ್ಲಿ ಯಾರೂ ಭಾವ ಅಲ್ಲ. ನೀರೇ ಇಟ್ಟುಕೊಂಡಿತು.

ಸಮಾಧಾನಪಡಬೇಕೋ, ಅಳಬೇಕೋ. ಅಕ್ಕ ಎರಡೂ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಮೇ 8

ಅಕ್ಕ ಏಳುವುದೇ ಇಲ್ಲ. ತಲೆ ಬಾಚಿದ್ದು ನಾನೇ, ಗಂಟು ಬಿಡಿಸಲಾಗದೆ ಕತ್ತರಿ ಹಾಕಿದೆ. ಡಾಕ್ಟರು ಮಾತ್ರೆ ಕೊಟ್ಟರು. ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗಿಯುತ್ತಾಳೆ.

ಇವತ್ತು ತಾನಾಗಿ ಮಾತಾಡಿದಳು.

"ಹದಿನಾಲ್ಕನೇದಕ್ಕೆ ಯಾರೂ ಬಂದಿಲ್ವಲ್ಲ?"

"ಇಲ್ಲ."

"ಎತ್ತರದ ಆಳಂತೆ. ಇವರ ಹಾಗೇ."

"ಅಕ್ಕಾ, ಅದು ಭಾವ ಅಲ್ಲ."

"ನಂಗೊತ್ತಿಲ್ವಾ? ಹೆಸರು ಹಿಂದುಗಡೆ ಹಾಕು. ಕಂಬಕ್ಕೆ ತಾಗಿಕೊಳ್ಳೋ ಕಡೆ. ಯಾರಿಗೂ ಕಾಣ್ಸಲ್ಲ. ಹೋಗಿ ಕೂತ್ಕೊಳ್ಳೋಕೆ ನಂಗೊಂದು ಜಾಗ ಬೇಕು ಕಣೇ. ನೀರಿನ ಮುಂದೆ ಕೂತು ಏನು ಮಾತಾಡ್ಲಿ?"

ಆಗಲ್ಲ ಅಂದೆ. ಎದ್ದು ಬಂದೆ.

ಮೇ 9

ಹಾಕಿದೆ.

ಭಾವನ ಹೆಸರು, ಚಿಕ್ಕದಾಗಿ, ಆದರೆ ಆಳವಾಗಿ. ಒಂದು ಗೆರೆಯೂ ಸೊಟ್ಟ ಬರಲಿಲ್ಲ, ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯ. ಅಕ್ಕ ಬೆರಳಾಡಿಸಿ ನೋಡಿದಳು. ಆಮೇಲೆ ಎರಡು ತುತ್ತು ಉಂಡಳು.

ಜುಲೈ 17

ಕಂಬ ನೆಟ್ಟಿದ್ದಾರೆ, ಪ್ಲೇಟು ಕೂರಿಸಿದ್ದಾರೆ. ಅಕ್ಕ ವಾರಕ್ಕೊಮ್ಮೆ ಹೋಗುತ್ತಾಳೆ. ಕಳೆ ಕೀಳುತ್ತಾಳೆ, ಹೂವಿಡುತ್ತಾಳೆ, ಗಂಡನಿಗೆ ಮನೆ ಸುದ್ದಿ ಹೇಳುತ್ತಾಳೆ. ಬರುವಾಗ ತರಕಾರಿ ತರುತ್ತಾಳೆ. ನಿನ್ನೆ ಅಂಗಡಿಯವನ ಜೊತೆ ಜಗಳವನ್ನೂ ಆಡಿದಳಂತೆ. ಕೇಳಿ ಜೀವಕ್ಕೆ ಹಾಯೆನಿಸಿತು. ಮಾಡಿದ್ದು ಸರಿ ಅಂತ ಇನ್ನೂ ಅನಿಸುವುದಿಲ್ಲ. ಆದರೆ ಬದುಕಿದ್ದಾಳೆ.

ಸೆಪ್ಟೆಂಬರ್ 12

ಬರೆಯಲೇಬೇಕು.

ಬೆಳಿಗ್ಗೆ ಒಬ್ಬ ಮುದುಕರು ಬಂದರು. ದೂರದವರು, ಚಪ್ಪಲಿ ತುಂಬ ಧೂಳು. ಮಗ ಲಾಂಚಿನಲ್ಲಿ ಹಗ್ಗ ಕಟ್ಟುವ ಕೆಲಸಕ್ಕೆ ಸೇರಿದ್ದು ಮನೆಯವರಿಗೇ ಗೊತ್ತಿರಲಿಲ್ಲವಂತೆ. ಎಲ್ಲೋ ದುಡಿಯುತ್ತಿದ್ದಾನೆ, ಫೋನ್ ಮಾಡಲು ಸೋಮಾರಿತನ ಅಂದುಕೊಂಡಿದ್ದರು. ವಿಷಯ ತಿಳಿದು, ರಕ್ತ ಕೊಟ್ಟು, ಹೊಂದಾಣಿಕೆಯಾಯಿತು. ಹದಿನಾಲ್ಕು.

ಹೆಸರು ಹಾಕಿಸಿಕೊಂಡು ಬನ್ನಿ ಎಂದು ಗುಮಾಸ್ತರೇ ಪ್ಲೇಟು ಬಿಚ್ಚಿಸಿ ಕೊಟ್ಟಿದ್ದರು. ಮುದುಕರು ಅದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಮೇಜಿನ ಮೇಲೆ ಮಗುಚಿಟ್ಟರು.

"ತಾಯಿ, ನಂಗೆ ಓದೋಕೆ ಬರುತ್ತೆ. ಹಿಂದುಗಡೆ ಬೇರೆ ಯಾರದೋ ಹೆಸರಿದೆಯಲ್ಲ. ಆಫೀಸಲ್ಲಿ ಕೇಳಿದ್ರೆ ಕೊರೆದವರನ್ನೇ ಕೇಳಿ ಅಂದ್ರು. ಇವನು ನನ್ನ ಮಗ ಹೌದಾ, ಅಲ್ವಾ? ಅಲ್ಲ ಅಂದ್ರೆ ಈಗಲೇ ಹೇಳ್ಬಿಡಿ. ಮನೇಲಿ ಅವನ ತಾಯಿ ಕಾಯ್ತಿದಾಳೆ. 'ಹೌದಾದ್ರೆ ಮಾತ್ರ ಹೇಳಿ' ಅಂದಿದಾಳೆ."

ಅವರ ಕಣ್ಣಿನಲ್ಲಿ ಆಸೆ ಕಂಡಿತು. ಮಗ ಅಲ್ಲದಿರಲಿ ಎಂಬ ಆಸೆ. ನಾನು ಕೊರೆದು ಕೊಟ್ಟ ಆಸೆ.

ಮೆಷಿನ್ ತಪ್ಪು, ಹಳೇ ಪ್ಲೇಟು, ಏನೇನೋ ಸುಳ್ಳು ತಲೆಯಲ್ಲಿ ಓಡಿದವು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ. ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಅವರ ಎದುರಿಗೆ ನೆಲದ ಮೇಲೇ ಕೂತಳು.

"ಅಪ್ಪಾಜಿ, ಅದು ನನ್ನ ಗಂಡನ ಹೆಸರು. ಹಟ ಹಿಡಿದು ಹಾಕಿಸಿದ್ದು ನಾನು."

"ಹಂಗಾದ್ರೆ ಅಲ್ಲಿರೋದು...?"

"ನಿಮ್ಮ ಮಗನೇ. ನನ್ನ ಗಂಡ ಅಲ್ಲಿಲ್ಲ. ಎಲ್ಲೂ ಇಲ್ಲ."

ಇಷ್ಟು ತಿಂಗಳಲ್ಲಿ ಒಮ್ಮೆಯೂ ಅವಳ ಬಾಯಿಂದ ಬಾರದ ಮಾತು.

ಮುದುಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವೆಲಿನಿಂದ ಮುಖ ಒತ್ತಿಕೊಂಡರು. ಬೆನ್ನು ಮಾತ್ರ ಅಲುಗುತ್ತಿತ್ತು.

ಆಮೇಲೆ ಕೇಳಿದರು, "ಅಲ್ಲಿ ಒಣಗಿದ ಹೂವಿತ್ತಲ್ಲ, ನೀವಾ?"

ಅಕ್ಕ ತಲೆಯಾಡಿಸಿದಳು.

"ಅವನಿಗೆ ಹೂವಂದ್ರೆ ಸೀನು ಬರ್ತಿತ್ತಮ್ಮ," ಅಂದರು. ನಗಲು ಹೋದರು, ಆಗಲಿಲ್ಲ.

ಸೆಪ್ಟೆಂಬರ್ 13, ಮಧ್ಯಾಹ್ನ

ಹೊಸ ಪ್ಲೇಟು ಮಾಡಿದೆ. ಹುಡುಗನ ಹೆಸರು ದೊಡ್ಡದಾಗಿ. ನಂಬರ್ ಬೇಡ ಅಂದರು ಅವನ ಅಪ್ಪ. ಕರೆಂಟ್ ಕೊಡುವಾಗ ಪಕ್ಕದಲ್ಲೇ ನಿಂತು ನೊರೆ ನೋಡುತ್ತಿದ್ದರು. ಹಿಂಬದಿಯನ್ನು ಎರಡೆರಡು ಸಲ ತಿರುಗಿಸಿ ತೋರಿಸಿದೆ. ಖಾಲಿ. ಬಸ್ಸಿಗೆ ಬಿಟ್ಟು ಬಂದದ್ದು ಅಕ್ಕ.

ಹಳೆಯದನ್ನು ಅವರು ಬಿಟ್ಟುಹೋಗಿದ್ದಾರೆ. ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಭಾವ. ಯಾವ ಕಂಬಕ್ಕೂ ಸೇರದ್ದು. ಲೋಹ ಉಜ್ಜುವ ಗ್ರೈಂಡರ್ ಹಿಡಿದರೆ ಅಳಿಸುವುದು ಎಷ್ಟು ಹೊತ್ತಿನ ಕೆಲಸ. ಬಸ್‌ಸ್ಟ್ಯಾಂಡಿನಿಂದ ಬಂದ ಅಕ್ಕ ಕೈಕಾಲು ತೊಳೆದು ಮೇಜಿನ ಹತ್ತಿರ ಬಂದಳು. ಪ್ಲೇಟನ್ನು ನನ್ನ ಕಡೆ ಸರಿಸಿದಳು.

"ನೀನೇ ಹೇಳು. ಇದನ್ನೇನು ಮಾಡೋಣ?"

ನಾನು ಗ್ರೈಂಡರ್ ಹಿಡಿದು ಹದಿನಾಲ್ಕನ್ನಷ್ಟೇ ಅಳಿಸಿ, ಭಾವನ ಹೆಸರಿನ ಪ್ಲೇಟನ್ನು ಅಕ್ಕನ ಕೈಗಿಟ್ಟೆ.