ಗದ್ದೆ ಬದುವಿನ ಕೂಸು

ತರಂಗಂಬಾಡಿ, 12-10-2003

ಅತ್ತೆಮ್ಮನಿಗೆ ಯಮುನಾ ಮಾಡುವ ನಮಸ್ಕಾರ.

ನಮ್ಮ ಪುಟ್ಟಿ ಹಂಸಾಗೆ ಎದೆಹಾಲು ಬಿಡಿಸೋಕೆ ಅಂತ ನೀವೇ ನನ್ನನ್ನ ಆಫೀಸಿನವರ ಜೊತೆ ಸೈಕಲ್ ಟೂರಿಗೆ ಕಳಿಸಿದ್ರಿ. ಇವತ್ತೆಲ್ಲಾ ಎಡಕ್ಕೆ ಸಮುದ್ರ, ಬಲಕ್ಕೆ ಗದ್ದೆ, ಎಲ್ಲೂ ಒಂದು ಏರೂ ಸಿಗಲಿಲ್ಲ. ಮಧ್ಯಾಹ್ನ ಬದುವಿನ ಮೇಲೆ ಒಂದು ಕೂಸು ಕಿರುಚಿ ಅಳ್ತಿತ್ತು. ಅದರ ತಾಯಿ ದೂರದಲ್ಲಿ ನಾಟಿ ಮಾಡ್ತಿದ್ಲು. ಅಳು ಕೇಳಿದ್ದೇ ತಡ, ನನ್ನ ಕುರ್ತಾ ಒದ್ದೆಯಾಯ್ತು. ಕೂಸು ನೋಡ್ಕೊಳ್ತಿದ್ದ ಅಜ್ಜಿ ಅದನ್ನ ಕಂಡು, ತಮಿಳಲ್ಲಿ "ಉಕ್ಕಾರುಮ್ಮಾ", ಕೂತ್ಕೋ ತಾಯಿ ಅಂತ ಕೂರಿಸಿ ಕೂಸನ್ನ ನನ್ನ ಮಡಿಲಿಗೆ ಹಾಕಿದ್ರು. ಕುಡಿದು ಹಾಗೇ ನಿದ್ದೆಹೋಯ್ತು. ನಾನು ಅತ್ತುಬಿಟ್ಟೆ.

ಕಾಲುನೋವು ಅಷ್ಟೇನಿಲ್ಲ, ಎದೆ ಮಾತ್ರ ಈಗ ಮತ್ತೆ ಹಾಲು ಕಟ್ಟಿ ಕಲ್ಲಾಗಿದೆ. ಹಂಸಾ ಇನ್ನೊಂದಷ್ಟು ದಿನ ಕುಡೀಲಿ ಅತ್ತೆಮ್ಮ. ಟೂರು ಇನ್ನೂ ಮೂರು ದಿನ ಇದೆ, ಆದ್ರೆ ನಾನು ನಾಳೆ ಬೆಳಿಗ್ಗೆನೇ ಬಸ್ಸು ಹತ್ತುತೀನಿ. ಈ ಕಾರ್ಡು ನನಗಿಂತ ತಡವಾಗಿ ಬಂದ್ರೆ ನಗಬೇಡಿ.

ಯಮುನಾ