ಗುಬ್ಬಿಯನ್ನು ಕರೆದ ಹಾಡು

ಮೂರನೇ ಮಹಡಿಯ ಮನೆಯಿಂದ,
ಮಾರ್ಚ್ ೧೧, ಮಧ್ಯಾಹ್ನ

ನನ್ನ ಮುದ್ದು ಮರಿಗೆ,

ಗಂಟಲು ಹೇಗಿದೆ? ಹೋದ ವಾರ ಫೋನಿನಲ್ಲಿ ನಿನ್ನ ದನಿ ತಗಡು ಎಳೆದ ಹಾಗಿತ್ತು. ಬಿಸಿನೀರು ಕುಡಿ ಅಂದರೆ ಬೇಕೆಂದೇ ಐಸ್ ನೀರು ಕುಡಿಯುವವನು ನೀನು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ಆಸ್ಪತ್ರೆಯವರ ಹೊದಿಕೆಗಳಿಗೆ ಅಂಚು ಹೊಲಿಯುವ ಕೆಲಸ ಕೈತುಂಬ ಇದೆ.

ಪತ್ರಿಕೆಯವನೊಬ್ಬ ಬಂದಿದ್ದ. ನಿಮ್ಮ ರಾಕ್ ಬ್ಯಾಂಡಿನ ಆ ಹಾಡಿಗೆ ಹತ್ತು ವರ್ಷ ತುಂಬಿತಂತೆ, ಅದು ಹುಟ್ಟಿದ ಕಥೆ ಬೇಕಂತೆ. ಹೇಳಿದೆ. ನೀವು ನಾಲ್ವರು ನಮ್ಮ ನಡುಮನೆಯ ಕಿಟಕಿಗೆಲ್ಲ ಕಂಬಳಿ ಕಟ್ಟಿ, ಡ್ರಮ್ಮಿನೊಳಗೆ ನನ್ನ ದಿಂಬು ತುರುಕಿ, ಕಿವಿ ಕಿತ್ತುಹೋಗುವಂತೆ ಬಾರಿಸಿದ್ದು. ಟೇಪು ಓಡುತ್ತಿದೆ ಎಂದು ಗೊತ್ತಿಲ್ಲದೆ ನಾನು ಅಡುಗೆಮನೆಯಿಂದ ಊಟಕ್ಕೆ ಕರೆದದ್ದು. ಗಿಟಾರು ನಿಂತ ಆ ಗಳಿಗೆಗೆ ಸರಿಯಾಗಿ ನನ್ನ ದನಿ ಬಂದು ಕೂತದ್ದು. "ಗುಬ್ಬೀ, ಬಾರೇ, ಎಷ್ಟೊತ್ತು ಕಾಯ್ಲಿ?" ಹಾಡು ಹೊರತಂದ ಕಂಪನಿಯವರು ಅದನ್ನು ಹಾಗೇ ಬಿಡಿ ಅಂದರು. ಕೇಳಿದವರು ಗುಬ್ಬಿ ಅಂದರೆ ಯಾರೋ ಪ್ರೇಯಸಿ ಅಂದುಕೊಂಡರು. ನೀನು ತಲೆ ಕೆರೆದುಕೊಂಡು ಬರೆದ ಸಾಲು ಯಾರಿಗೂ ನೆನಪಿಲ್ಲ, ಅದೊಂದು ಎಲ್ಲರಿಗೂ ಬಾಯಿಪಾಠ.

ಒಂದು ಮಾತು ಮಾತ್ರ ಅವನಿಗೆ ಹೇಳಲಿಲ್ಲ. ಅವತ್ತು ನಾನು ಕರೆಯಬೇಕಾದದ್ದು ನಿನ್ನನ್ನು. ಬಾಯಿತಪ್ಪಿ ನಿನ್ನ ಅಕ್ಕನ ಹೆಸರು ಬಂತು. ನೀನು ತೊಟ್ಟಿಲಲ್ಲಿದ್ದಾಗ ಮೂರೇ ದಿನದ ಜ್ವರದಲ್ಲಿ ಹೋದಳು, ಒಂಬತ್ತು ವರ್ಷದ ಮಗು. ಅದಾದ ಮೇಲೆ ಇಪ್ಪತ್ತು ವರ್ಷ ಆ ಹೆಸರನ್ನು ಬಾಯಿಬಿಟ್ಟು ಕರೆದಿರಲಿಲ್ಲ. ಈಗ ಆ ಹಾಡು ಹಾಕಿದ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಕರೆಯುತ್ತಲೇ ಇದ್ದೇನೆ. ನಿಮ್ಮ ಕಾರ್ಯಕ್ರಮಕ್ಕೆ ಒಮ್ಮೆ ಬಂದು ನಡುವೆಯೇ ಎದ್ದು ಹೋದೆನಲ್ಲ, ತಲೆನೋವು ಅಂದದ್ದು ಸುಳ್ಳು. ಮೈದಾನದ ತುಂಬ ಜನ ಒಟ್ಟಿಗೆ ಅವಳನ್ನು ಕೂಗಿದರು. ಅಷ್ಟು ಜನ ಕರೆದರೆ ಯಾರು ತಾನೇ ಬರದೆ ಇರುತ್ತಾರೆ?

ಬರುತ್ತಿದ್ದಾಳೆ ಮರೀ. ನಗಬೇಡ. ಹತ್ತು ವರ್ಷದ ನೆಪದಲ್ಲಿ ರೇಡಿಯೋದವರು ದಿನಾ ನಾಲ್ಕು ಗಂಟೆಗೆ ಆ ಹಾಡು ಹಾಕುತ್ತಾರೆ, ಕೆಳಗಿನ ಗಡಿಯಾರದಂಗಡಿಯಿಂದ ಇಲ್ಲಿವರೆಗೂ ಕೇಳುತ್ತದೆ. ನನ್ನ ದನಿ ಮುಗಿದ ಕೂಡಲೇ ಮೆಟ್ಟಿಲ ಮೇಲೆ ಒಂದು ಹೆಜ್ಜೆ. ಒಂದೇ. ಮಾರನೆಯ ದಿನ ಅದರ ಮೇಲಿನ ಮೆಟ್ಟಿಲು. ಮೊದಲು ಬೆಕ್ಕು ಅಂದುಕೊಂಡೆ. ಹನ್ನೆರಡನೆಯ ಮೆಟ್ಟಿಲ ಸಡಿಲ ಹಲಗೆ ಕಿರುಗುಟ್ಟಿದ ದಿನ ಓಡಿಹೋಗಿ ನೋಡಿದೆ. ಯಾರೂ ಇರಲಿಲ್ಲ, ಹಲಗೆ ಮಾತ್ರ ಇನ್ನೂ ಬಗ್ಗಿಯೇ ಇತ್ತು. ನಿಮ್ಮನೆಗೆ ಬರೋ ಮಗು ಯಾರಮ್ಮಾ, ಎಂದು ಗಡಿಯಾರದವರೂ ಮೊನ್ನೆ ಕೇಳಿದರು.

ಹಾಡನ್ನು ಹೊಸದಾಗಿ ಹೊರತರುವಾಗ ಸದ್ದುಗದ್ದಲವೆಲ್ಲ ಶುಚಿ ಮಾಡಿ ನನ್ನ ದನಿಯನ್ನೂ ತೆಗೆಯುತ್ತೇವೆ ಎಂದು ಬರೆದಿದ್ದೀಯ. ದಮ್ಮಯ್ಯ, ಬೇಡ. ಒಟ್ಟು ಮೂವತ್ತಾರು ಮೆಟ್ಟಿಲು, ನಿನ್ನೆಗೆ ಮೂವತ್ತೈದಾಯಿತು. ಬಂದವಳು ನನ್ನ ಹತ್ತಿರ ಉಳಿಯಬೇಕಾದರೆ ಕರೆಯುವುದು ನಿಲ್ಲಬಾರದು. ಇಷ್ಟು ವರ್ಷದಲ್ಲಿ ನಿನ್ನನ್ನು ನಾನು ಕೇಳುತ್ತಿರುವುದು ಇದೊಂದೇ.

ಡ್ರಮ್ಮಿನ ಹುಡುಗನಿಗೆ ನನ್ನ ದಿಂಬು ಇನ್ನೂ ವಾಪಸು ಬಂದಿಲ್ಲ ಎಂದು ಹೇಳು. ನಿನ್ನ ದನಿ ಗಟ್ಟಿಯಾಗಿರಲಿ, ಹೋದ ಕಡೆಯೆಲ್ಲ ಹೊತ್ತಿಗೆ ಸರಿಯಾಗಿ ಊಟ ಸಿಗಲಿ.

ನಿನ್ನ
ಅಮ್ಮ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ನಾಲ್ಕಾಯಿತು. ಬಾಗಿಲಿಗೆ ಒರಗಿಯೇ ನಿಂತಿದ್ದೆ. ಬಂದಳು. ಚಿಲಕಕ್ಕೆ ಕೈ ಹಾಕಿದೆ. ಆಚೆಯಿಂದ ಅವಳದೇ ದನಿ, ಏದುಸಿರು. "ಅಮ್ಮಾ, ಎಷ್ಟು ಸಲ ಕರೀತೀಯಾ? ಕಾಲು ನೋಯ್ತಿದೆ." ಹಾಡು ಕೇಳಿಸಿದಲ್ಲಿಗೆಲ್ಲ ನಡೆದಿದ್ದಾಳೆ ಮರೀ, ಹತ್ತು ವರ್ಷ. ಚಿಲಕ ತೆಗೆಯಲು ನನಗೆ ಕೈ ಬರಲಿಲ್ಲ. ಮೇಲೆ ಬರೆದದ್ದನ್ನೆಲ್ಲ ಮರೆತುಬಿಡು. ನನ್ನ ದನಿ ತೆಗೆಸು, ಇವತ್ತೇ ತೆಗೆಸು. ಮುಂದಿನ ಕಾರ್ಯಕ್ರಮದಲ್ಲಿ ಆ ಜಾಗ ಬಂದಾಗ, ಜನ ಕೂಗುವ ಮೊದಲೇ ನೀನು ಮೈಕಿನಲ್ಲಿ ಹೇಳು, ಸಾಕು ಅಕ್ಕಾ, ಮಲಕ್ಕೋ ಅಂತ. ನೀನೇ ಹೇಳಬೇಕು. ನಾನು ಹೇಳಲು ಹೋದರೆ ಮತ್ತೆ ಕರೆದುಬಿಡುತ್ತೇನೆ.