ಇಪ್ಪತ್ತೆರಡನೇ ನಿಮಿಷ

ಮಾರ್ಚ್ 3, ಸೋಮವಾರ

ಟ್ರೈನಿಂಗ್ ಮೊದಲ ದಿನ. ಹದಿನೇಳು ವರ್ಷ ಪ್ರೊಬೇಷನ್ ಆಫೀಸರ್ ಆಗಿ ದುಡಿದ ಮೇಲೆ, ಮಾತಾಡುವುದು ಹೇಗೆ ಅಂತ ಕಲಿಯಲು ಕೂತಿದ್ದೇನೆ. ಮೂರನೇ ಮಹಡಿ ಹಾಲ್. ಹದಿನಾಲ್ಕು ಕುರ್ಚಿ, ಕೆಟ್ಟ ಪ್ರೊಜೆಕ್ಟರ್. ಕಲಿಸುವವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಕೈಯಲ್ಲಿ ಸದಾ ಸ್ಟಾಪ್‌ವಾಚ್. ಊಟದ ಹೊತ್ತಿಗೆ ಎಲ್ಲರೂ ಸೇರಿ ಅವಳಿಗೆ ಅದನ್ನೇ ಹೆಸರಿಟ್ಟೆವು.

"ಪ್ರಶ್ನೆ ಕೇಳಿ. ಆಮೇಲೆ ಮನಸ್ಸಲ್ಲೇ ಹತ್ತು ಎಣಿಸಿ," ಅಂದಳು. "ಮೌನ ನಿಮ್ಮನ್ನ ಕಚ್ಚಲ್ಲ."

ಪಕ್ಕದ ಜಿಲ್ಲೆಯವರು ನನ್ನ ಕಿವಿಯಲ್ಲಿ: "ಹತ್ತು ಎಣಿಸೋ ಹೊತ್ತಿಗೆ ಇನ್ನಿಬ್ಬರ ಸಹಿ ತಗೊಂಡುಬಿಡಬಹುದು." ನಕ್ಕೆ. ಸುಳ್ಳೇನಲ್ಲ. ನನ್ನ ಹೆಸರಲ್ಲಿ ಅರವತ್ತೆಂಟು ಫೈಲ್.

ಹೋಮ್‌ವರ್ಕ್ ಬೇರೆ. ಒಂದು ನಿಜವಾದ ಭೇಟಿಯನ್ನು ಎದುರಿನವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಬೇಕು. ನಾವೇ ಕೇಳಿ ಅಂಕ ಹಾಕಿಕೊಂಡು ಅವಳಿಗೆ ಕಳಿಸಬೇಕು. ಈ ವಯಸ್ಸಿನಲ್ಲಿ.

ಮಾರ್ಚ್ 6, ಗುರುವಾರ

ರೆಕಾರ್ಡಿಂಗಿಗೆ ಒಬ್ಬ ವೆಲ್ಡರನ್ನು ಆರಿಸಿದೆ. ನನ್ನ ಫೈಲುಗಳಲ್ಲೇ ಸಾಧು. ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಕಬ್ಬಿಣದ ಸರಳಿನಿಂದ ಹೊಡೆದು ನಾಲ್ಕು ವರ್ಷ ಒಳಗಿದ್ದ. ಶಿಕ್ಷೆ ಮುಗಿಯುವ ಮೊದಲೇ ಪೆರೋಲ್ ಮೇಲೆ ಬಿಟ್ಟಿದ್ದಾರೆ. ಷರತ್ತು ಎರಡು. ಹದಿನೈದು ದಿನಕ್ಕೊಮ್ಮೆ ನನ್ನೆದುರು ಸಹಿ ಹಾಕಬೇಕು. ಅಕ್ಕನ ಮನೆಯ ಬೀದಿಗೆ ಕಾಲಿಡುವಂತಿಲ್ಲ. ಎಂಟು ತಿಂಗಳಲ್ಲಿ ಒಂದು ಸಲವೂ ತಪ್ಪಿಸಿಲ್ಲ.

"ರೆಕಾರ್ಡ್ ಮಾಡ್ಲೇನಪ್ಪ? ಟ್ರೈನಿಂಗಿಗೆ."

"ಮಾಡ್ಕೊಳ್ಳಿ ಮೇಡಂ."

ಫೋನನ್ನು ಪೇಪರ್‌ವೇಟ್ ಪಕ್ಕ ಇಟ್ಟೆ. ಕೆಲಸ, ವಿಳಾಸ, ಕುಡಿತ ಇಲ್ಲ... ಎಲ್ಲಕ್ಕೂ ಟಿಕ್. ನಲವತ್ತು ನಿಮಿಷ ನೀರು ಕುಡಿದಷ್ಟು ಸಲೀಸು. ಹತ್ತಕ್ಕೆ ಎಂಟಾದರೂ ಬರಬೇಕು.

ಮಾರ್ಚ್ 9, ಭಾನುವಾರ, ಮಧ್ಯಾಹ್ನ 3

ಇಯರ್‌ಫೋನ್ ಹಾಕಿ ಕೂತೆ. ಅಂಕ ಹಾಕುವ ಶೀಟಿನ ಮೊದಲ ಸಾಲು: ಯಾರು ಎಷ್ಟು ಹೊತ್ತು ಮಾತಾಡಿದರು? ಗಡಿಯಾರ ಹಿಡಿದು ನೋಡಿದೆ. ನಲವತ್ತರಲ್ಲಿ ನಾನು ಮೂವತ್ತೊಂದು. ಇವರಿಗೆ ಹೇಳಿದೆ.

"ಒಂಬತ್ತು ನಿಮಿಷ ಸಿಕ್ತಾ ಅವನಿಗೆ? ಪುಣ್ಯವಂತ," ಅಂದರು, ಮುಖದ ಮುಂದಿನ ಪೇಪರ್ ಇಳಿಸದೆ.

ಅದೇ ದಿನ, 4.20

ಬರೆದುಬಿಡುತ್ತೇನೆ.

ಇಪ್ಪತ್ತೆರಡನೇ ನಿಮಿಷ. ನಾನು ವಿಳಾಸದ ಪ್ರೂಫ್ ಬಗ್ಗೆ ಹೇಳುತ್ತಿದ್ದೇನೆ. ನನ್ನ ದನಿಯ ಅಡಿಯಲ್ಲಿ ಅವನ ದನಿ: "ಭಾವ ಮತ್ತೆ ಶುರು ಮಾಡಿದಾನೆ ಮೇಡಂ. ಅಕ್ಕನ ಕೈ..." ನಾನು: "ಹೂಂ, ಹೂಂ. ಪ್ರೂಫ್ ತಂದ್ಯಾ?" ಅಷ್ಟೇ. ಆಮೇಲೆ ಕಾಗದದ ಸದ್ದು.

ಮತ್ತೆ ಮೂವತ್ತೊಂಬತ್ತರಲ್ಲಿ. ನಾನು ಕುರ್ಚಿ ಎಳೆಯುತ್ತಿದ್ದೇನೆ. ಅವನು ಮೆಲ್ಲಗೆ: "ಈ ಸಲ ಅರ್ಧಕ್ಕೆ ಬಿಡಲ್ಲ."

ಏಳು ಸಲ ಕೇಳಿದೆ. ಮೂರನೇ ಸಲ, ಕೆಲಸದ ವಿಷಯ ಹೇಳುತ್ತಿರಬಹುದು ಅನ್ನಿಸಿತು. ಐದನೇ ಸಲ ಹಾಗೆ ಅನ್ನಿಸಲಿಲ್ಲ.

ಅದಕ್ಕೆ ನಾನು ಕೊಟ್ಟ ಉತ್ತರವೂ ಇದೆ. ಸ್ಪಷ್ಟವಾಗಿದೆ. "ಗುಡ್. ಹೀಗೇ ಇರು."

ಫೋನ್ ಮಾಡಿದೆ. ಸ್ವಿಚ್ ಆಫ್.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಅವನ ವರ್ಕ್‌ಶಾಪ್. ಮಾಲೀಕ ಕಪ್ಪು ಕನ್ನಡಕ ಹಣೆಗೇರಿಸಿ, "ಶುಕ್ರವಾರದಿಂದ ಬಂದಿಲ್ಲ ಮೇಡಂ. ಗೇಟಿನ ಆರ್ಡರ್ ಹಾಗೇ ಬಿದ್ದಿದೆ," ಅಂದ. ಅವನ ರೂಮಿಗೂ ಬೀಗ.

ನಮ್ಮ ಆಫೀಸಿನ ಸಾಹೇಬರಿಗೆ ಟೇಪ್ ಕೇಳಿಸಿದೆ. ಕಣ್ಣು ಮುಚ್ಚಿ ಎರಡು ಸಲ ಕೇಳಿದರು. "ಏನೂ ಸರಿಯಾಗಿ ತಿಳಿಯಲ್ಲಮ್ಮ ಇದ್ರಲ್ಲಿ. ಇದನ್ನ ಬರೆದ್ರೆ ಅವನು ನಾಳೇನೇ ಒಳಗೆ. ನೀನು ವಿಚಾರಣೆಗೆ. ಟ್ರೈನಿಂಗ್ ಟೇಪ್ ತಾನೇ? ಅಳಿಸಿ ಬೇರೆ ಮಾಡು."

ನನ್ನ ಒಳ್ಳೆಯದಕ್ಕೇ ಹೇಳಿದರು. ಅದೇ ಹೆದರಿಕೆ.

ಠಾಣೆಗೆ ಹೋದೆ. "ಏನಾದ್ರೂ ಆದ್ರೆ ಹೇಳಿ ಮೇಡಂ," ಅಂದರು. ಆದ ಮೇಲೆ ಹೇಳಲು ನಾನೇ ಏಕೆ ಬೇಕು?

ಅಳಿಸುವ ಬಟನ್ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆನೋ. ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಸ್ಟಾಪ್‌ವಾಚ್‌ಗೆ ಫೋನ್ ಮಾಡಿದೆ. ಬಡಬಡಿಸಿದೆ. ಅವಳು ನಡುವೆ ಬಾಯಿ ಹಾಕಲೇ ಇಲ್ಲ. ನಾನು ಮುಗಿಸಿದ ಮೇಲೂ ಸುಮ್ಮನಿದ್ದಳು. ಆ ಮೌನದಲ್ಲಿ ನನಗೆ ಅಳು ಬಂತು.

"ಅವನನ್ನ ಹುಡುಕಿ ಅಕ್ಕಾ," ಅಂದಳು. ಮೇಡಂ ಅನ್ನಲಿಲ್ಲ. "ಬುದ್ಧಿ ಹೇಳಕ್ಕೆ ಹೋಗ್ಬೇಡಿ. ಕೇಳಿ."

ಮಾರ್ಚ್ 11, ಮಂಗಳವಾರ

ಸಿಕ್ಕಿದ.

ಅಕ್ಕನ ಬೀದಿ ದೊಡ್ಡ ರಸ್ತೆಗೆ ಕೂಡುವ ಕಡೆ, ಎದುರು ಬದಿಯಲ್ಲಿ ಬಸ್ ಸ್ಟಾಪಿದೆ. ಅದರ ಕಲ್ಲುಬೆಂಚಿನ ಮೇಲೆ ಕೂತಿದ್ದ. ಷರತ್ತಿನ ಬೀದಿಗೆ ಕಾಲಿಟ್ಟಿಲ್ಲ. ರಸ್ತೆ ದಾಟಿದರೆ ಇಟ್ಟಂತೆ. ಗಡ್ಡ ಬಂದಿತ್ತು. ಕಾಲ ಸಂದಿಯಲ್ಲಿ ಉದ್ದನೆಯ ಬಟ್ಟೆಚೀಲ.

ಓಡಿಹೋಗೋಣ ಅನ್ನಿಸಿತು. ಹೋಗಿ ಪಕ್ಕ ಕೂತೆ. ಅವನು ಎದ್ದು ನಿಲ್ಲಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ.

"ಅಕ್ಕನ ಕೈಗೆ ಏನಾಯ್ತಪ್ಪ?"

ಆಮೇಲೆ ಎಣಿಸಿದೆ. ಒಂದು. ಎರಡು. ಬಸ್ ಬಂತು, ನಿಂತಿತು, ಹೋಯಿತು. ನಾಲಿಗೆ ತುದಿಯಲ್ಲಿ ಹತ್ತು ಬುದ್ಧಿಮಾತು ಕುಣಿಯುತ್ತಿದ್ದವು. ಆರು. ಅವನ ಬೆರಳು ಚೀಲದ ಬಾಯಿ ಬಿಗಿಹಿಡಿಯಿತು. ಹತ್ತು ಮುಗಿದು ಮತ್ತೆ ಮೊದಲಿಂದ ಎಣಿಸಿದೆ.

"ಮುರಿದಿದಾನೆ," ಅಂದ. "ಬಾಗಿಲ ಸಂದಿಗೆ ಇಟ್ಟು."

ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಅವತ್ತು ಹೇಳಿದೆ ಮೇಡಂ. ನಿಮಗೆ ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ಲ. ತಪ್ಪಾಯ್ತು."

ನನ್ನ ಮುಖ ನೋಡಿದ. ಇಂಥ ಮಾತು ಯಾವ ಆಫೀಸಿನಲ್ಲೂ ಅವನಿಗೆ ಸಿಕ್ಕಿರಲಿಕ್ಕಿಲ್ಲ. "ನಾಕು ದಿನದಿಂದ ಇಲ್ಲೇ ಕೂತಿದೀನಿ. ಅವನು ಶಿಫ್ಟ್ ಮುಗಿಸಿ ಆರಕ್ಕೆ ಬರ್ತಾನೆ. ದಿನಾ ಏಳ್ತೀನಿ. ದಿನಾ ಕೂತ್ಕೋತೀನಿ. ಇವತ್ತು ಕೂತ್ಕೋತೀನಿ ಅಂತ ಹೇಳಕ್ಕಾಗಲ್ಲ."

ಗಂಟೆ ಐದೂ ಹತ್ತು.

"ಅಕ್ಕನ್ನ ಅಲ್ಲಿಂದ ಹೊರಗೆ ಕರ್ಕೊಂಡು ಬಂದ್ರೆ?"

"ಬರಲ್ಲ ಅವಳು."

"ಯಾರಾದ್ರೂ ಕೇಳಿದಾರಾ?"

ಅವನ ಹೆಗಲು ಇಳಿಯಿತು, ಬಿಸಿ ಆರಿದ ಕಬ್ಬಿಣದ ಹಾಗೆ. ಚೀಲವನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಎತ್ತಿದೆ. ಏನು ಭಾರ! ಅವನನ್ನು ಅವನ ರೂಮಿನ ಕಡೆಯ ಬಸ್ಸು ಹತ್ತಿಸಿ, ಚೀಲವನ್ನು ಮನೆಗೆ ತಂದೆ. ಈಗ ಅದು ಬಟ್ಟೆ ಒಗೆಯುವ ಮೆಷಿನ್ ಹಿಂದಿದೆ. ನಾಳೆ ಠಾಣೆಗೆ ಒಪ್ಪಿಸಬೇಕು. ಎಲ್ಲವನ್ನೂ ಬರೆಯಬೇಕು, ಚೀಲವನ್ನೂ, ನನ್ನ ಹೂಂ ಹೂಂ ಅನ್ನೂ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಮನೆ. ಜೊತೆಗೆ ಮಹಿಳಾ ಕಾನ್‌ಸ್ಟೇಬಲ್. ಚೀಲದೊಳಗಿನ ಸರಳು ನೋಡಿದ ಮೇಲೆ ಠಾಣೆಗೂ ಎಚ್ಚರವಾಗಿದೆ. ಭಾವ ಕೆಲಸಕ್ಕೆ ಹೋಗಿದ್ದ. ವೆಲ್ಡರ್ ನನ್ನ ಆಫೀಸಿನ ಬೆಂಚಿನಲ್ಲಿ, ಅಟೆಂಡರ್ ಕಣ್ಣಳತೆಯಲ್ಲಿ.

ಅವಳು ಬಾಗಿಲನ್ನು ಒಂದು ಗೇಣು ತೆರೆದಳು. ಎಡಗೈಗೆ ಪ್ಲಾಸ್ಟರ್. ನಾವು ಹೇಳಿದ್ದನ್ನೆಲ್ಲ ಕೇಳಿ, "ಆಗಲ್ಲ," ಅಂದಳು. ನಾನು ಹೊಸ್ತಿಲಲ್ಲೇ ನಿಂತೆ. ಬೀದಿಯಲ್ಲಿ ಸ್ಕೂಟರ್ ಸದ್ದಾದಾಗಲೆಲ್ಲ ಮೂವರ ತಲೆಯೂ ಒಟ್ಟಿಗೆ ತಿರುಗುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ, "ಬಟ್ಟೆ ಒಣಗಾಕಿದೀನಿ. ತೆಗೆದಿಟ್ಟು ಬರ್ಲಾ?" ಅಂದಳು.

ಒಂದೇ ಕೈಯಲ್ಲಿ ತೆಗೆದಳು. ಗಂಡನ ಅಂಗಿಗಳನ್ನೂ ಮಡಚಿಟ್ಟಳು. ಬೀಗದ ಕೈ ಪಕ್ಕದ ಮನೆಗೆ ಕೊಟ್ಟು, "ಅವರಿಗೆ ಊಟ ಮುಚ್ಚಿಟ್ಟಿದೀನಿ ಅಂತ ಹೇಳಿ," ಅಂದಳು.

ಅಟೆಂಡರ್ ಅರ್ಧ ಗಂಟೆಗೊಮ್ಮೆ ಫೋನು: "ಇಲ್ಲೇ ಇದಾನೆ ಮೇಡಂ." ಆಮೇಲೆ: "ಈಗ ನಮ್ಮ ಗೇಟಿನ ಕೀಲು ಸರಿ ಮಾಡ್ತಿದಾನೆ. ಬೇಡ ಅನ್ಲಾ?"

"ಬೇಡ ಅನ್ಬೇಡ," ಅಂದೆ.

ಅವಳು ಆಶ್ರಯ ಮನೆಯಲ್ಲಿದ್ದಾಳೆ. ಎಲ್ಲಿ ಅಂತ ಇಲ್ಲಿಯೂ ಬರೆಯುವುದಿಲ್ಲ.

ಮಾರ್ಚ್ 20, ಗುರುವಾರ

ಪೆರೋಲ್ ಬೋರ್ಡ್. ಐವರು ಸದಸ್ಯರು, ಉದ್ದನೆಯ ಮೇಜು. ಟೇಪ್ ಹಾಕಿದರು. "ಗುಡ್. ಹೀಗೇ ಇರು" ಬಂದಾಗ ಒಬ್ಬರು ಕೆಮ್ಮಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನನ್ನು ವಾಪಸ್ ಕಳಿಸಲಿಲ್ಲ. ಚೀಲವನ್ನು ತಾನಾಗಿ ಒಪ್ಪಿಸಿದ ಅಂತ ನಾನು ಹೇಳಿದ್ದನ್ನು ಬರೆದುಕೊಂಡರು. ಇನ್ನು ವಾರಕ್ಕೊಮ್ಮೆ ಸಹಿ. ಆ ದೊಡ್ಡ ರಸ್ತೆಗೂ ಬರಕೂಡದು. ನನಗೆ ಮೆಮೊ. ಸಾಹೇಬರು ಕಾರಿಡಾರಿನಲ್ಲಿ, "ಹೇಳಿದ್ನಲ್ಲಮ್ಮ," ಅಂದರು. ದನಿಯಲ್ಲಿ ಬೈಗುಳ ಇರಲಿಲ್ಲ.

ಸ್ಟಾಪ್‌ವಾಚ್ ಹತ್ತಕ್ಕೆ ಮೂರು ಕೊಟ್ಟಳು. ನಾನು ನನಗೆ ಎರಡು ಹಾಕಿಕೊಂಡಿದ್ದೆ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 10.40

ಅಟೆಂಡರ್ ಬಂದ. ಮುಖ ಬಿಳಿಚಿತ್ತು. "ಮೇಡಂ, ಹೊರಗೆ ಒಬ್ರು ಬಂದಿದಾರೆ. ನನ್ನ ಹೆಂಡ್ತಿ ಎಲ್ಲಿ ಅಂತ ಕೇಳ್ತಿದಾರೆ."

ಕಿಟಕಿಯಿಂದ ನೋಡಿದೆ. ಇಸ್ತ್ರಿ ಹಾಕಿದ ಅಂಗಿ, ನೀಟಾಗಿ ಬಾಚಿದ ತಲೆ. ಎಡಗಾಲು ಎಳೆಯುತ್ತಾನೆ. ವೆಲ್ಡರ್ ಹೊಡೆದ ಏಟಿನದು. ಕುರ್ಚಿ ಕೊಟ್ಟರೂ ಕೂರದೆ ನನ್ನ ಬಾಗಿಲನ್ನೇ ನೋಡುತ್ತಿದ್ದಾನೆ.

ಅರವತ್ತೆಂಟು ಫೈಲುಗಳಲ್ಲಿ ಇವನದಿಲ್ಲ. ವೆಲ್ಡರ್ ಫೈಲಿನಲ್ಲಿ ಇವನು ಬರೀ "ಗಾಯಾಳು". ಇಷ್ಟು ದಿನ ಇವನಿಗೆ ದನಿಯಿದೆ ಅಂತಲೇ ಯೋಚಿಸಿರಲಿಲ್ಲ.

ಸಾಹೇಬರು ಕೋರ್ಟಿಗೆ ಹೋಗಿದ್ದಾರೆ. ಠಾಣೆಗೆ ಫೋನ್ ಮಾಡಿದೆ. ಹತ್ತು ನಿಮಿಷ ಅಂದರು. ಮೇಜಿನ ಮೇಲಿನ ಕತ್ತರಿಯನ್ನು ಡ್ರಾಯರಿಗೆ ಹಾಕಿದೆ. ಅಕ್ಕನ ಹೊಸ ವಿಳಾಸದ ಹಾಳೆಯನ್ನು ರವಿಕೆಯೊಳಗೆ ಸೇರಿಸಿಕೊಂಡೆ. ಅಟೆಂಡರ್ ಬಾಗಿಲ ಬಳಿ ನಿಂತಿದ್ದಾನೆ, ಪಾಪ, ಕೈಯಲ್ಲಿ ಪೊರಕೆಯ ಕೋಲು.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಹೆಜ್ಜೆ. ಒಂದು ಗಟ್ಟಿ, ಒಂದು ಎಳೆದದ್ದು. ಅಟೆಂಡರ್ "ಸ್ವಲ್ಪ ಇರಿ ಸಾರ್, ಸ್ವಲ್ಪ ಇರಿ" ಅನ್ನುತ್ತಿದ್ದಾನೆ. ಬಾಗಿಲ ಹಿಡಿ ತಿರುಗುತ್ತಿದೆ, ನಾನಿನ್ನೂ ಬನ್ನಿ ಅಂತ ಹೇಳಿಲ್ಲ. ಪೆನ್ನು ಇಡುತ್ತೇನೆ, ಇವನ ಮಾತನ್ನೂ ಕೇಳಬೇಕು.